‘ಕಚಗುಳಿ’: ಒಂದು ಮನೆಮಾತಿನ ಪೂರ್ವೋತ್ತರ

ಧರ್ಮ, ರಾಜ್ಯ, ಮೋಕ್ಷ ಮೊದಲಾದ ಘನವಾದ ಶಬ್ದಗಳ ಚರಿತ್ರೆಯನ್ನು ವಿದ್ವಾಂಸರು ವಿಸ್ತಾರವಾಗಿ ಬರೆದಿದ್ದಾರೆ. ಹೊಸ್ತಿಲೊಳಗೆ ಹುಟ್ಟಿ ಹೊಸ್ತಿಲೊಳಗೇ ಬಾಳುವ ಚಿಕ್ಕ ಶಬ್ದಗಳ ಕಡೆಗೆ ಅವರ ದೃಷ್ಟಿ ಹರಿಯುವುದು ಅಪರೂಪ. ದಾನಶಾಸನ ಬರೆಯಿಸಿದ ಅರಸರಿಗೆ ಇಂಥ ಮಾತುಗಳ ಅಗತ್ಯ ಬೀಳಲಿಲ್ಲ. ಅರ್ಜಿ ಬರೆಯುವ ಗುಮಾಸ್ತರಿಗೆ ಇಂದಿಗೂ ಬೀಳುವುದಿಲ್ಲ. ಆದರೂ ಮಗುವಿನ ಕಿವಿಗೆ ಮೊದಲು ಬೀಳುವ ಮಾತುಗಳಲ್ಲಿ ಇವೇ ಹೆಚ್ಚು. ಅಂಥವುಗಳಲ್ಲಿ ‘ಕಚಗುಳಿ’ ಎಂಬುದೂ ಒಂದು. ಈ ಪುಟ್ಟ ಶಬ್ದದ ಅರ್ಥವೇನು, ಅದರ ನೆಂಟರು ಯಾರು, ಅದು ಮೈಯಿಂದ ಮನಸ್ಸಿಗೆ ಹೇಗೆ ಏರಿತು ಎಂಬುದನ್ನು ವಿಚಾರಿಸಿ ನೋಡುವುದು ಗಡಿಸೀಮೆಯ ಉಪಾಧ್ಯಾಯರಾದ ನಮಗೆ ಉಪಯುಕ್ತವೆಂದು ತೋರುತ್ತದೆ.

ಮೊದಲು ಅರ್ಥವನ್ನು ನೋಡೋಣ. ಕಂಕುಳು, ಪಕ್ಕೆ, ಅಂಗಾಲು, ಕತ್ತಿನ ಬದಿ ಮುಂತಾದ ಎಡೆಗಳನ್ನು ಇನ್ನೊಬ್ಬರು ಬೆರಳ ತುದಿಯಿಂದ ಸೋಕಿದಾಗ ತಡೆಯಲಾರದ ನಗೆಯೂ ಮೈ ಮುದುಡಿಕೊಳ್ಳುವ ಚೇಷ್ಟೆಯೂ ಒಟ್ಟಿಗೆ ಹುಟ್ಟುತ್ತವೆಯಷ್ಟೆ. ಆ ಸ್ಪರ್ಶಕ್ಕೂ ಅದರಿಂದಾಗುವ ಅನುಭವಕ್ಕೂ ಕಚಗುಳಿಯೆಂದೇ ಹೆಸರು. ಎರಡನೆಯ ಅರ್ಥ ಇದರಿಂದಲೇ ಬೆಳೆದುದು. ಒಳ್ಳೆಯ ವಿನೋದದ ಬರೆಹವನ್ನು ಓದಿ ‘ಮನಸ್ಸಿಗೆ ಕಚಗುಳಿಯಿಟ್ಟಂತಾಯಿತು’ ಎನ್ನುತ್ತೇವೆ. ಇಲ್ಲಿ ಬೆರಳೂ ಇಲ್ಲ, ಕಂಕುಳೂ ಇಲ್ಲ. ಹಿತವಾದ, ಹಗುರವಾದ, ತಡೆಯಲಾಗದ ಉಲ್ಲಾಸ ಮಾತ್ರ ಉಳಿದಿದೆ.

ಈ ಶಬ್ದದೊಡನೆ ಕನ್ನಡವು ಸೇರಿಸುವ ಕ್ರಿಯಾಪದವನ್ನು ಮಕ್ಕಳಿಗೆ ತೋರಿಸಬೇಕು. ನಾವು ಕಚಗುಳಿ ‘ಇಡುತ್ತೇವೆ’. ಹಣೆಗೆ ಬೊಟ್ಟು ಇಡುತ್ತೇವೆ, ಕೆನ್ನೆಗೆ ಮುತ್ತು ಇಡುತ್ತೇವೆ, ಕೂಸಿಗೆ ಹೆಸರು ಇಡುತ್ತೇವೆ, ಅಂಗಳಕ್ಕೆ ರಂಗೋಲಿ ಇಡುತ್ತೇವೆ. ಒಬ್ಬರ ಕೈಯಿಂದ ಇನ್ನೊಬ್ಬರಿಗೆ ಸಲ್ಲುವ ಚಿಕ್ಕ ಉಪಚಾರಗಳ ಸಾಲಿನಲ್ಲಿಯೇ ಕಚಗುಳಿಗೂ ಸ್ಥಾನವಿದೆ. ಕಚಗುಳಿ ಪಡೆದವನಾದರೋ ‘ನಾನು ಕಚಗುಳಿಪಟ್ಟೆ’ ಎನ್ನುವುದಿಲ್ಲ. ‘ನನಗೆ ಕಚಗುಳಿಯಾಯಿತು’ ಎನ್ನುತ್ತಾನೆ. ಹಸಿವು, ನಾಚಿಕೆ, ಸಂತೋಷಗಳ ವಿಷಯದಲ್ಲಿಯೂ ನಾವು ಚತುರ್ಥೀ ವಿಭಕ್ತಿಯನ್ನೇ ಹಿಡಿಯುತ್ತೇವೆ. ತಾನಾಗಿ ಮಾಡಲಾಗದುದು, ತನಗೆ ಬಂದೊದಗುವುದು ಎಂಬ ಭಾವ ಈ ವ್ಯಾಕರಣದಲ್ಲಿ ಅಡಗಿದೆ.

ನೆರೆಯ ಭಾಷೆಗಳಲ್ಲಿ ಹೇಗಿದೆ? ತೆಲುಗಿನಲ್ಲಿ ಇದು ‘ಚಕ್ಕಿಲಿಗಿಂತ’, ‘ಚಕ್ಕಿಲಿಗಿಲಿ’, ‘ಗಿಲಿಗಿಂತ’. ಅವರೂ ನಮ್ಮಂತೆಯೇ ಅದನ್ನು ‘ಪೆಟ್ಟು’ತ್ತಾರೆ, ಅಂದರೆ ಇಡುತ್ತಾರೆ. ತಮಿಳಿನಲ್ಲಿ ‘ಕಿಚ್ಚುಕಿಚ್ಚು’, ಅದರ ಕ್ರಿಯಾಪದ ‘ಮೂಟ್ಟು’. ಬೆಂಕಿ ಹೊತ್ತಿಸುವುದಕ್ಕೂ ತಮಿಳರು ಇದೇ ಮಾತನ್ನು ಬಳಸುತ್ತಾರೆ. ಮಲೆಯಾಳದಲ್ಲಿ ‘ಇಕ್ಕಿಳಿ’, ‘ಕಿಕ್ಕಿಳಿ’. ಅಲ್ಲಿ ಅದನ್ನು ‘ಆಕ್ಕು’ವರು, ಅಂದರೆ ಆಗಿಸುವರು. ಮರಾಠಿಯಲ್ಲಿ ‘ಗುದಗುಲ್ಯಾ’, ಹಿಂದಿಯಲ್ಲಿ ‘ಗುದಗುದೀ’. ಇವೆರಡರಲ್ಲಿಯೂ ‘ಮಾಡು’ವುದೇ ರೂಢಿ. ಕಾಸರಗೋಡಿನ ಕನ್ನಡ ಬಾಲಕನು ಬೀದಿಯಲ್ಲಿ ಇಕ್ಕಿಳಿಯನ್ನು ಕೇಳುತ್ತಾನೆ. ಅಕ್ಕಲಕೋಟೆ, ಜತ್ತಗಳ ಬಾಲಕನು ಗುದಗುಲ್ಯಾ ಕೇಳುತ್ತಾನೆ. ನಮ್ಮ ಆದವಾನಿ, ರಾಯದುರ್ಗ, ಮಡಕಶಿರಾ ಸೀಮೆಯ ಬಾಲಕನು ಚಕ್ಕಿಲಿಗಿಂತವನ್ನು ಕೇಳುತ್ತಾನೆ. ಒಂದೇ ನಗೆಗೆ ಹಲವು ಹೆಸರು.

ಈ ಹೆಸರುಗಳ ಮೂಲವೇನೆಂದು ಕೇಳಿದರೆ ಕೂಡಲೇ ಉತ್ತರ ಹೇಳಲು ಹೊರಡುವವರು ಶಬ್ದವನ್ನು ಎರಡು ತುಂಡು ಮಾಡುವುದುಂಟು. ಸಂಸ್ಕೃತದಲ್ಲಿ ‘ಕಚ’ ಎಂದರೆ ಕೂದಲು. ಕನ್ನಡದಲ್ಲಿ ‘ಗುಳಿ’ ಎಂದರೆ ತಗ್ಗು. ಆದುದರಿಂದ ಕಚಗುಳಿಯೆಂದರೆ ಕೂದಲಿರುವ ತಗ್ಗು, ಅಂದರೆ ಕಂಕುಳು ಎಂಬುದು ಒಂದು ವಾದ. ‘ಕಚ್ಚು’ ಧಾತುವಿನಿಂದ ಬಂದುದು, ಕಚ್ಚಿದಂತೆ ಆಗುವುದರಿಂದ ಆ ಹೆಸರು ಎಂಬುದು ಇನ್ನೊಂದು. ಕೇಳಲು ಇವು ಚೆನ್ನಾಗಿವೆ. ಆದರೆ ಶಬ್ದದ ಹುಟ್ಟನ್ನು ಹೇಳಬೇಕಾದರೆ ಅದರ ಎಲ್ಲ ರೂಪಗಳನ್ನೂ ಎದುರಿಗಿಟ್ಟುಕೊಂಡು ಹೇಳಬೇಕು. ಕನ್ನಡದಲ್ಲಿಯೇ ಕಚಗುಳಿಯೊಡನೆ ‘ಕಚಕುಳಿ’ಯಿದೆ, ‘ಚಕ್ಕಳಗುಳಿ’ಯಿದೆ. ಕಚಕುಳಿಯು ಕಚಗುಳಿಯಾದುದನ್ನು ನಮ್ಮ ಮಕ್ಕಳು ಬಲ್ಲ ಆದೇಶ ಸಂಧಿಯಿಂದ ವಿವರಿಸಬಹುದು. ಮಳೆ, ಕಾಲ ಸೇರಿ ಮಳೆಗಾಲವಾದಂತೆ ಇಲ್ಲಿಯೂ ಕಕಾರಕ್ಕೆ ಗಕಾರ ಬಂದಿದೆ. ಆದರೆ ಚಕ್ಕಳಗುಳಿಯಲ್ಲಿ ಕೂದಲೂ ಇಲ್ಲ, ಕಚ್ಚುವುದೂ ಇಲ್ಲ. ಅದನ್ನು ಬಿಟ್ಟು ಮಾಡಿದ ವ್ಯುತ್ಪತ್ತಿಯು ಒಂದೇ ಕಾಲಿನ ಮೇಲೆ ನಿಂತಂತೆ.

ಕನ್ನಡದ ‘ಕಚ’ ತೆಲುಗಿನಲ್ಲಿ ‘ಚಕ್ಕಿ’ ಆದುದು ಹೇಗೆ ಎಂಬ ಪ್ರಶ್ನೆ ಹುಟ್ಟಬಹುದು. ನಮ್ಮ ಕಕಾರಕ್ಕೆ ತೆಲುಗಿನಲ್ಲಿ ಚಕಾರ ಬರುವ ಒಂದು ನಿಯಮವಿದೆ. ಕಿವಿ ಅಲ್ಲಿ ಚೆವಿಯಾಗುತ್ತದೆ, ಕೆರೆ ಚೆರುವಾಗುತ್ತದೆ, ಕೆಡು ಎಂಬುದು ಚೆಡು ಆಗುತ್ತದೆ. ಆದರೆ ಈ ನಿಯಮ ನಡೆಯುವುದು ಕಕಾರದ ಮುಂದೆ ಇ, ಎ ಮೊದಲಾದ ಸ್ವರಗಳು ಬಂದಾಗ. ಕಲ್ಲು, ಕಣ್ಣುಗಳಲ್ಲಿರುವಂತೆ ಅಕಾರ ಬಂದರೆ ಕಕಾರವು ಹಾಗೆಯೇ ನಿಲ್ಲುತ್ತದೆ. ಕಣ್ಣು ತೆಲುಗಿನಲ್ಲಿಯೂ ಕನ್ನೇ. ಹಾಗಾದರೆ ಕಚಗುಳಿ, ಚಕ್ಕಳಗುಳಿ, ಚಕ್ಕಿಲಿಗಿಲಿಗಳ ನಂಟನ್ನು ಧ್ವನಿನಿಯಮದ ಅಳತೆಗೋಲಿನಿಂದ ಅಳೆಯಲು ಬಾರದು. ಇವು ಬೇರೊಂದು ಜಾತಿಯ ಶಬ್ದಗಳು.

ಆ ಜಾತಿಯೇ ಅನುಕರಣ ಶಬ್ದಗಳದು. 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಇವನ್ನೂ ವಿಚಾರಿಸಿದ್ದಾನೆ. ಅನುಕರಣವೆಂದೊಡನೆ ನಮಗೆ ಹೊಳೆಯುವುದು ಸದ್ದಿನ ಅನುಕರಣ: ಜುಳುಜುಳು, ಪಟಪಟ, ದಬದಬ. ಆದರೆ ಕನ್ನಡವು ಸದ್ದಿಲ್ಲದುದನ್ನೂ ಅನುಕರಿಸುತ್ತದೆ. ಥಳಥಳ ಎಂಬಲ್ಲಿ ಬೆಳಕಿದೆ, ಘಮಘಮ ಎಂಬಲ್ಲಿ ವಾಸನೆಯಿದೆ. ಬೆಳಗಿನ ಚಳಿ ಚುಮುಚುಮು ಎನ್ನುತ್ತದೆ. ಸುಟ್ಟ ಗಾಯ ಚುರುಚುರು ಎನ್ನುತ್ತದೆ. ಬಹಳ ಹೊತ್ತು ಮಡಿಸಿ ಕುಳಿತ ಕಾಲು ಜುಮುಜುಮು ಎನ್ನುತ್ತದೆ. ಇವೆಲ್ಲ ಚರ್ಮದ ಭಾಷೆ. ಕಚಗುಳಿಯೂ ಆ ಕುಟುಂಬದ ಮಗಳೇ. ಬೆರಳುಗಳ ಚಂಚಲವಾದ ಓಡಾಟವನ್ನು ನಾಲಗೆಯು ಕ, ಚ, ಗ, ಳಗಳ ಓಡಾಟದಿಂದ ತೋರಿಸುತ್ತದೆ. ಗಿಲಕಿಯ ಗಿಲಿಗಿಲಿಯೂ ತೆಲುಗಿನ ಗಿಲಿಗಿಂತವೂ ಕಿವಿಗೆ ಅಕ್ಕತಂಗಿಯರಂತೆ ಕೇಳಿಸುವುದು ಈ ಕಾರಣದಿಂದಲೇ. ಇಂಥ ಶಬ್ದಗಳು ಧ್ವನಿನಿಯಮಗಳಿಗೆ ಕಟ್ಟುಬೀಳದೆ, ಅಕ್ಷರಗಳನ್ನು ಹಿಂದುಮುಂದು ಮಾಡಿಕೊಂಡು ಆಡುತ್ತವೆ. ಭಾಷೆಯ ಗಡಿಯನ್ನೂ ಅವು ಸಲೀಸಾಗಿ ದಾಟುತ್ತವೆ. ನೀಲಗಿರಿಯ ಕೋತ, ತೋಡ ಭಾಷೆಗಳನ್ನು ಅಭ್ಯಸಿಸಿದ ಎಮೆನೋ ಅವರು 1969ರಲ್ಲಿ ಬರೆದ ಒಂದು ಪ್ರಬಂಧದಲ್ಲಿ ದ್ರಾವಿಡ, ಆರ್ಯ ಎಂಬ ಭೇದವಿಲ್ಲದೆ ಭಾರತದ ಭಾಷೆಗಳು ಅನುಕರಣ ಶಬ್ದಗಳನ್ನು ಹಂಚಿಕೊಂಡಿವೆಯೆಂದು ತೋರಿಸಿದ್ದಾರೆ.

ಇದೇ ಪರಿಸರದಲ್ಲಿ ನಿಯಮಕ್ಕೆ ಬದ್ಧವಾದ ಒಂದು ಶಬ್ದವೂ ಇದೆ. ಅದು ‘ಕಂಕುಳು’. ಹಳಗನ್ನಡದಲ್ಲಿ ಅದು ‘ಕವುಂಕುಳ್’. ಇದರ ತೆಲುಗು ನೆಂಟ ‘ಕೌಗಿಲಿ’. ಆದರೆ ತೆಲುಗಿನಲ್ಲಿ ಕೌಗಿಲಿಯೆಂದರೆ ಅಪ್ಪುಗೆ. ನಮ್ಮಲ್ಲಿ ಬರಿಯ ಅಂಗವಾಗಿ ಉಳಿದುದು ಅವರಲ್ಲಿ ಆಲಿಂಗನವಾಯಿತು. ತಮಿಳಿನಲ್ಲಿ ಕಂಕುಳಿಗೆ ‘ಅಕ್ಕುಳ್’ ಎಂಬ ಹೆಸರಿದ್ದು, ಅದೇ ಮೂಲದ ‘ಅಕ್ಕುಳು’ ಎಂಬುದಕ್ಕೆ ಕಚಗುಳಿಯೆಂಬ ಅರ್ಥವಿದೆ. ಮಗುವನ್ನು ಎತ್ತಿಕೊಳ್ಳಲು ಕೈ ಹಾಕುವ ಸ್ಥಳ, ಅಪ್ಪಿಕೊಳ್ಳುವ ಸ್ಥಳ, ನಗಿಸುವ ಸ್ಥಳ ಮೂರೂ ಒಂದೇ ಅಲ್ಲವೆ? ಭಾಷೆಗಳು ಅದನ್ನು ಮರೆತಿಲ್ಲ. ಇಂಥ ನೆಂಟಸ್ತನಗಳು ನಮಗೆ ಕಾಣುವುದಕ್ಕೆ ನಿಘಂಟುಕಾರರು ಕಾರಣ. ಬ್ರೌನರ ತೆಲುಗು ನಿಘಂಟು 1852ರಲ್ಲಿಯೂ, ಗುಂಡರ್ಟರ ಮಲೆಯಾಳ ನಿಘಂಟು 1872ರಲ್ಲಿಯೂ, ಕಿಟ್ಟೆಲರ ಕನ್ನಡ ನಿಘಂಟು 1894ರಲ್ಲಿಯೂ ಹೊರಬಂದುವು. ಕಿಟ್ಟೆಲರು ಕನ್ನಡ ಶಬ್ದಗಳ ಪಕ್ಕದಲ್ಲಿ ಸೋದರ ಭಾಷೆಗಳ ರೂಪಗಳನ್ನು ಕೊಟ್ಟರು. ಬರೋ ಮತ್ತು ಎಮೆನೋ ಅವರು 1961ರಲ್ಲಿ ದ್ರಾವಿಡ ಭಾಷೆಗಳ ಜ್ಞಾತಿಪದಗಳ ನಿಘಂಟನ್ನೇ ಪ್ರಕಟಿಸಿದರು.

ಇನ್ನು ಮೈಯಿಂದ ಮನಸ್ಸಿಗೆ ಏರಿದ ಮಾತನ್ನು ನೋಡೋಣ. ಈ ದಾರಿಯನ್ನು ತುಳಿದುದು ಕಚಗುಳಿಯೊಂದೇ ಅಲ್ಲ. ‘ಹರ್ಷ’ವೆಂದರೆ ಸಂತೋಷವೆಂದು ಎಲ್ಲರೂ ಬಲ್ಲರು. ಅದರ ಧಾತುವಾದ ‘ಹೃಷ್’ ಎಂಬುದಕ್ಕೆ ಕೂದಲು ನಿಮಿರುವುದು ಎಂಬ ಅರ್ಥವೂ ಇದೆ. ಪುರಾಣಗಳನ್ನು ಹೇಳಿದ ಸೂತನ ಹೆಸರು ಲೋಮಹರ್ಷಣ. ಅವನ ಕಥನವನ್ನು ಕೇಳಿದವರ ಮೈಗೂದಲು ನಿಮಿರುತ್ತಿತ್ತೆಂದು ಆ ಹೆಸರು. ರೋಮಾಂಚ, ಪುಳಕ ಎಂಬ ಶಬ್ದಗಳೂ ಚರ್ಮದ ಮೇಲಿನ ಸಂಗತಿಯಿಂದ ಹೊರಟು ಆನಂದದ ಹೆಸರುಗಳಾದುವು. ಕನ್ನಡವೂ ಹಿಂದೆ ಬಿದ್ದಿಲ್ಲ. ಹಳಗನ್ನಡದಲ್ಲಿ ‘ನವಿರ್’ ಎಂದರೆ ಕೂದಲು. ಮೈ ‘ನವಿರೇಳು’ವುದೆಂದರೆ ರೋಮಾಂಚವಾಗುವುದು. ಇಂದು ನಾವು ‘ನವಿರಾದ ಹಾಸ್ಯ’ ಎನ್ನುತ್ತೇವೆ. ಹಾಸ್ಯವನ್ನು ಹೊಗಳಲು ಕನ್ನಡಿಗರು ಬಳಸುವ ಎರಡು ಮೆಚ್ಚಿನ ಮಾತುಗಳು, ನವಿರು ಮತ್ತು ಕಚಗುಳಿ, ಎರಡೂ ಚರ್ಮದಿಂದಲೇ ಬಂದುವೆಂಬುದು ಗಮನಾರ್ಹ.

ಆದರೆ ಚರ್ಮದ ನಡುಕಕ್ಕೆ ಇನ್ನೊಂದು ದಾರಿಯೂ ಉಂಟು. ಹೃಷ್ ಧಾತುವಿನ ದೂರದ ಬಂಧುವಾದ ಲ್ಯಾಟಿನಿನ ‘ಹೊರ್ರೇರೆ’ ಎಂಬ ಕ್ರಿಯಾಪದಕ್ಕೂ ಕೂದಲು ನಿಮಿರುವುದೆಂಬ ಅರ್ಥವಿದೆ. ಅದರಿಂದ ಹುಟ್ಟಿದ ಇಂಗ್ಲಿಷ್ ಶಬ್ದ ‘ಹಾರರ್’; ಅದರ ಅರ್ಥ ಭೀತಿ. ಒಂದೇ ಬೇರಿನ ಒಂದು ಕೊಂಬೆಯಲ್ಲಿ ಹರ್ಷ, ಇನ್ನೊಂದರಲ್ಲಿ ಭಯ. ಅಷ್ಟು ದೂರ ಹೋಗುವುದೇಕೆ? ನಮ್ಮ ನೆರೆಯ ತೆಲುಗಿನಲ್ಲಿಯೇ ‘ಗಿಲಿ’ ಎಂದರೆ ಕಚಗುಳಿಯೂ ಹೌದು, ಅಂಜಿಕೆಯೂ ಹೌದು. ಭರತನ ನಾಟ್ಯಶಾಸ್ತ್ರವು ಎಂಟು ಸಾತ್ತ್ವಿಕ ಭಾವಗಳಲ್ಲಿ ರೋಮಾಂಚವನ್ನು ಎಣಿಸಿ, ಅದಕ್ಕೆ ಕಾರಣಗಳಾಗಿ ಸ್ಪರ್ಶ, ಭಯ, ಶೀತ, ಹರ್ಷ, ಕ್ರೋಧ, ರೋಗಗಳನ್ನು ಹೇಳುತ್ತದೆ. ಸ್ಪರ್ಶ, ಭಯ, ಹರ್ಷ ಮೂರೂ ಒಂದೇ ಪಟ್ಟಿಯಲ್ಲಿ ಬಂದಿರುವುದನ್ನು ನೋಡಿರಿ.

ಹಾಗಾದರೆ ಅದೇ ಸ್ಪರ್ಶವು ಒಮ್ಮೆ ನಗೆಯಾಗಿ, ಒಮ್ಮೆ ಅಂಜಿಕೆಯಾಗಿ ಪರಿಣಮಿಸುವುದೇಕೆ? ಡಾರ್ವಿನ್ನನು 1872ರಲ್ಲಿ ಪ್ರಕಟಿಸಿದ ಭಾವಪ್ರಕಟನೆಯ ಗ್ರಂಥದಲ್ಲಿ ಇದಕ್ಕೆ ಸರಳವಾದ ಉತ್ತರವನ್ನು ಕೊಟ್ಟಿದ್ದಾನೆ. ಅಪರಿಚಿತನು ಕಚಗುಳಿಯಿಟ್ಟರೆ ಎಳೆಯ ಮಗು ಭಯದಿಂದ ಕಿರಿಚುವುದು. ನಗಬೇಕಾದರೆ ಅದರ ಮನಸ್ಸು ಮೊದಲೇ ಸುಖದ ಸ್ಥಿತಿಯಲ್ಲಿರಬೇಕು ಎಂಬುದು ಅವನ ಅಭಿಪ್ರಾಯ. ಬೆರಳು ಎಲ್ಲಿ ಸೋಕುವುದೆಂದು ಮೊದಲೇ ತಿಳಿದಿರಬಾರದೆಂದೂ, ಆದುದರಿಂದಲೇ ಮಗು ತನಗೆ ತಾನೇ ಕಚಗುಳಿಯಿಟ್ಟುಕೊಳ್ಳಲಾರದೆಂದೂ ಅವನು ವಿವರಿಸುತ್ತಾನೆ. ತನ್ನ ಕೈಯ ಚಲನೆಯನ್ನು ಮೆದುಳು ಮುಂಚಿತವಾಗಿಯೇ ಊಹಿಸಿಕೊಂಡು ಆ ಸ್ಪರ್ಶದ ತೀಕ್ಷ್ಣತೆಯನ್ನು ತಗ್ಗಿಸುತ್ತದೆ, ಈ ಕಾರ್ಯದಲ್ಲಿ ಕಿರುಮೆದುಳಿನ ಪಾತ್ರವಿದೆ ಎಂದು 1998ರಲ್ಲಿ ಲಂಡನ್ನಿನ ವಿಜ್ಞಾನಿಗಳು ಪ್ರಯೋಗದಿಂದ ತೋರಿಸಿದರು. ಕಚಗುಳಿಗೆ ಇನ್ನೊಬ್ಬರು ಬೇಕು. ಆ ಇನ್ನೊಬ್ಬರು ನಮ್ಮವರಾಗಿರಬೇಕು. ‘ಇಡು’ ಎಂಬ ಕ್ರಿಯಾಪದವೂ ‘ನನಗೆ’ ಎಂಬ ವಿಭಕ್ತಿಯೂ ಬಹು ಹಿಂದಿನಿಂದ ಹೇಳುತ್ತ ಬಂದುದು ಇದನ್ನೇ.

ಶಬ್ದದ ಅರ್ಥವು ಇಳಿಯುವುದೂ ಉಂಟು. ಮಲೆಯಾಳದ ಪತ್ರಿಕೆಗಳಲ್ಲಿ ‘ಇಕ್ಕಿಳಿ’ಯನ್ನು ಅಗ್ಗದ, ಕೀಳು ಅಭಿರುಚಿಯ ಬರೆಹಗಳಿಗೂ ಚಿತ್ರಗಳಿಗೂ ವಿಶೇಷಣವಾಗಿ ಬಳಸುವ ರೂಢಿ ಬೆಳೆದಿದೆ. ಕನ್ನಡದ ಕಚಗುಳಿಯು ಇನ್ನೂ ಮಕ್ಕಳ ಎದುರಿಗೆ ಸಂಕೋಚವಿಲ್ಲದೆ ಆಡಬಹುದಾದ ಮಾತಾಗಿ ಉಳಿದಿದೆ. ಅದನ್ನು ಹಾಗೆ ಉಳಿಸಿದುದು ಮನೆಯ ಹಿರಿಯರು ಎನ್ನಬೇಕು.

ಅವರು ಉಳಿಸಿದ ಬಗೆಯನ್ನು ನಮ್ಮ ಓದುಗರೆಲ್ಲರೂ ಬಲ್ಲರು. ಅಜ್ಜಿಯು ಕೂಸಿನ ಅಂಗೈಯನ್ನು ಬಿಡಿಸಿ ಅದರೊಳಗೆ ಅಡಿಗೆ ಮಾಡಿದಂತೆ ನಟಿಸುತ್ತಾಳೆ. ಅಪ್ಪನಿಗೆ, ಅವ್ವನಿಗೆ, ಅಣ್ಣನಿಗೆಂದು ಒಂದೊಂದು ಬೆರಳಿಗೂ ಪಾಲು ಬಡಿಸುತ್ತಾಳೆ. ಅನಂತರ ಅವಳ ಎರಡು ಬೆರಳುಗಳು ಕೂಸಿನ ಮುಂಗೈಯ ಮೇಲೆ ನಡೆಯಲಾರಂಭಿಸುತ್ತವೆ. ಮೊಣಕೈಯ ಬಳಿ ದಾರಿ ತಪ್ಪಿದಂತೆ ತಡೆದು ನಿಲ್ಲುತ್ತವೆ. ಕೂಸು ಆಗಲೇ ಉಸಿರು ಬಿಗಿಹಿಡಿದು ನಗಲು ಸಿದ್ಧವಾಗಿರುತ್ತದೆ. ಬೆರಳುಗಳು ಥಟ್ಟನೆ ಕಂಕುಳನ್ನು ಸೇರುವುದೂ ‘ಕಚಗುಳಿ’ ಎಂಬ ಮಾತು ಹೊರಬೀಳುವುದೂ ಏಕಕಾಲಕ್ಕೆ. ತಮಿಳರ ಮನೆಗಳಲ್ಲಿ ಬೆರಳುಗಳ ಬದಲು ಏಡಿಯೂ ನರಿಯೂ ಹರಿದು ಬರುತ್ತವೆ. ಕೂಸಿಗೆ ಇದೊಂದು ಪೂರ್ಣವಾದ ಪಾಠ. ಬಂಧುಗಳ ಹೆಸರು, ಎಣಿಕೆ, ಹಂಚಿ ಉಣ್ಣುವುದು, ಮುಂದೇನಾಗುವುದೋ ಎಂದು ಕಾಯುವುದು ಎಲ್ಲವೂ ಅದರಲ್ಲಿವೆ. ತರಬೇತಿ ಶಾಲೆಯಲ್ಲಿ ನಾವು ಕಲಿತ ‘ಚಟುವಟಿಕೆಯ ಮೂಲಕ ಶಿಕ್ಷಣ’ವನ್ನು ಅಜ್ಜಿಯರು ಯಾವ ಪ್ರಮಾಣಪತ್ರವೂ ಇಲ್ಲದೆ ನಡೆಸುತ್ತ ಬಂದಿದ್ದಾರೆ.

ಇಷ್ಟೆಲ್ಲ ವಿಚಾರಿಸಿದುದರ ಫಲವೇನು? ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರ ರಾಜ್ಯಕ್ಕೆ ಸೇರಿದುವು. ಆ ಬಳಿಕ ಇಲ್ಲಿಯ ಕನ್ನಡ ಶಾಲೆಯ ಮಗುವಿಗೆ ಕನ್ನಡವು ಮನೆಯಲ್ಲಿಯೂ ತರಗತಿಯಲ್ಲಿಯೂ ಮಾತ್ರ. ಸಂತೆ, ಕಚೇರಿ, ಬಸ್ಸುಗಳಲ್ಲಿ ತೆಲುಗು. ಅಂಥ ಮಗು ತನ್ನ ಬರೆಹದಲ್ಲಿ ‘ಅಜ್ಜಿ ಚಕ್ಕಳಗುಳಿ ಇಟ್ಟಳು’ ಎಂದು ಬರೆದರೆ ಅದನ್ನು ತೆಲುಗಿನ ಸೋಂಕೆಂದು ಕೆಂಪು ಮಸಿಯಿಂದ ಹೊಡೆದುಹಾಕುವ ಅಭ್ಯಾಸ ಉಪಾಧ್ಯಾಯ ವರ್ಗದಲ್ಲಿ ಉಂಟು. ಅದು ಅನ್ಯಾಯ. ಚಕ್ಕಳಗುಳಿಯು ಕನ್ನಡ ನಿಘಂಟಿನಲ್ಲಿಯೇ ಸ್ಥಾನ ಪಡೆದ ಶಬ್ದ. ಒಂದುವೇಳೆ ಮಗು ‘ಗಿಲಿಗಿಂತ’ವೆಂದೇ ಬರೆದರೂ ಅದು ಹೇಳುತ್ತಿರುವುದು ತನ್ನ ಬೀದಿಯ ಚರಿತ್ರೆಯನ್ನು. ‘ಇದನ್ನು ಕಚಗುಳಿಯೆಂದೂ ಹೇಳುತ್ತಾರೆ’ ಎಂದು ಪಕ್ಕದಲ್ಲಿ ಬರೆದರೆ ಮಗುವಿಗೆ ಎರಡು ಶಬ್ದ ದೊರೆಯುತ್ತವೆ. ಹೊಡೆದುಹಾಕಿದರೆ ಒಂದು ಶಬ್ದ ಹೋಗುತ್ತದೆ. ಅದರೊಡನೆ ಅಜ್ಜಿಯ ಮಾತು ತಪ್ಪೆಂಬ ಅಂಜಿಕೆಯೂ ಮನಸ್ಸಿನಲ್ಲಿ ಉಳಿಯುತ್ತದೆ. ಕನ್ನಡ ಬರೆಯಲು ಅಂಜುವ ಮಗು ಮುಂದಿನ ತರಗತಿಯಲ್ಲಿ ಕನ್ನಡವನ್ನೇ ಬಿಡಬಹುದು. ಗಡಿಸೀಮೆಯ ಶಾಲೆಗೆ ಅದು ಸಣ್ಣ ನಷ್ಟವಲ್ಲ.

ಇದಕ್ಕೆ ಪ್ರತಿಯಾಗಿ ಒಂದು ಸುಲಭವಾದ ಕೆಲಸವನ್ನು ನಮ್ಮ ಓದುಗರಿಗೆ ಸೂಚಿಸುತ್ತೇವೆ. ನಾಲ್ಕನೆಯ, ಐದನೆಯ ತರಗತಿಯ ಮಕ್ಕಳು ತಮ್ಮ ಮನೆಯ ಹಿರಿಯರನ್ನು ಕೇಳಿ ಮೂರು ಸಂಗತಿಗಳನ್ನು ಬರೆದು ತರಲಿ: ಕಚಗುಳಿಗೆ ಮನೆಯಲ್ಲಿ ಏನೆನ್ನುತ್ತಾರೆ, ಅದನ್ನು ಇಡುತ್ತಾರೆಯೋ, ಮಾಡುತ್ತಾರೆಯೋ, ಅಂಗೈಯ ಆಟದಲ್ಲಿ ಯಾರುಯಾರಿಗೆ ಪಾಲು ಬಡಿಸುತ್ತಾರೆ. ಊರಿನ ಹೆಸರನ್ನೂ ಹೇಳಿದವರ ವಯಸ್ಸನ್ನೂ ಬರೆಯಲಿ. ಕೇಳಿದಂತೆಯೇ ಬರೆಯಬೇಕು, ತಿದ್ದಬಾರದು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು 1970ರಿಂದ 1995ರವರೆಗೆ ಹೊರಬಂದು ಪೂರ್ಣಗೊಂಡಿತು. ಆದರೆ ಜನರ ಬಾಯಲ್ಲಿರುವ ಮಾತುಗಳ ನಿಘಂಟಿಗೆ ಕೊನೆಯ ಸಂಪುಟವೆಂಬುದಿಲ್ಲ. ಆ ಕೆಲಸದಲ್ಲಿ ಒಂದು ಹಳ್ಳಿಯ ಒಂದು ತರಗತಿಯೂ ಪಾಲುಗೊಳ್ಳಬಹುದು.

ಹರ್ಷವೂ ಭಯವೂ ಒಂದೇ ಬೇರಿನಿಂದ ಕವಲೊಡೆದುದನ್ನು ಮೇಲೆ ಕಂಡೆವು. ಮಗುವಿನ ಮಾತನ್ನು ಸೋಕುವ ಕೈ ಉಪಾಧ್ಯಾಯರದು. ಆ ಸೋಂಕಿನಿಂದ ಯಾವ ಕವಲು ಚಿಗುರಬೇಕೆಂಬುದನ್ನು ನಾವೇ ನಿರ್ಧರಿಸಬೇಕಾಗಿದೆ.